ರಾಜಿಗೆ ಸಹಿ ಹಾಕುವ ಅಧಿಕಾರ ಯಾರಿಗಿದೆ?

ಶಿಕ್ಷಕರೊಬ್ಬರ ಮೇಲೆ ದೂರು ಬಂತೆಂದರೆ ನಮ್ಮ ಶಾಲೆಗಳಲ್ಲಿ ಮೊದಲು ಶುರುವಾಗುವುದು ಮಧ್ಯಸ್ಥರ ಹುಡುಕಾಟ. ಏನಾಯಿತು ಎಂದು ಮಗುವನ್ನು ಸಮಾಧಾನವಾಗಿ ಕೇಳುವವರು ಸಿಗುವ ಮೊದಲೇ ಎರಡೂ ಕಡೆಗೆ ಬೇಕಾದ ಹಿರಿಯರೊಬ್ಬರು ಸಿಕ್ಕಿರುತ್ತಾರೆ. ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲು ಮುಚ್ಚುತ್ತದೆ, ಚಹಾ ಬರುತ್ತದೆ. "ದೊಡ್ಡದು ಮಾಡಬೇಡಿ", "ಹೊಟ್ಟೆಗೆ ಹಾಕಿಕೊಳ್ಳಿ", "ಅವರಿಗೂ ಹೆಂಡತಿ ಮಕ್ಕಳಿದ್ದಾರೆ" ಎಂಬ ಮಾತುಗಳು ಒಂದರ ಹಿಂದೊಂದು ಬೀಳುತ್ತವೆ. ಸಂಜೆಯೊಳಗೆ ಕಾಗದವೊಂದು ಸಿದ್ಧವಾಗುತ್ತದೆ: ತಪ್ಪು ತಿಳಿವಳಿಕೆಯಿಂದ ದೂರು ಕೊಟ್ಟಿದ್ದೆವು, ಈಗ ನಮ್ಮದೇನೂ ತಕರಾರಿಲ್ಲ. ತಂದೆಯ ಸಹಿ ಬೀಳುತ್ತದೆ. ಮರುದಿನ ಬೆಳಿಗ್ಗೆ ಅದೇ ಶಿಕ್ಷಕರು ಅದೇ ತರಗತಿಗೆ ಹಾಜರಿ ಪುಸ್ತಕ ಹಿಡಿದು ಹೋಗುತ್ತಾರೆ.

ಈ ಪದ್ಧತಿ ಹಳೆಯದು. ಹೊಸದೆಂದರೆ ಅದಕ್ಕೆ ಈಚೆಗೆ ಸಿಕ್ಕಿರುವ ಮರ್ಯಾದೆ. ಕೋರ್ಟುಗಳಲ್ಲಿ ಕಡತಗಳು ರಾಶಿ ಬಿದ್ದಿರುವ ಕಾಲದಲ್ಲಿ ಸಂಧಾನ, ಮಧ್ಯಸ್ಥಿಕೆ, ಲೋಕ ಅದಾಲತ್ ಇವಕ್ಕೆಲ್ಲ ಒಳ್ಳೆಯ ಹೆಸರಿದೆ. ಆ ಹೆಸರು ನ್ಯಾಯವಾಗಿಯೇ ಬಂದದ್ದು. ಹೊಲದ ಗಡಿ, ಬಾಡಿಗೆಯ ಬಾಕಿ, ಅಪಘಾತದ ಪರಿಹಾರ ಇಂಥ ವ್ಯಾಜ್ಯಗಳನ್ನು ಕೂತು ಮಾತಾಡಿ ಮುಗಿಸಿಕೊಂಡವರು ಲಕ್ಷಗಟ್ಟಲೆ ಇದ್ದಾರೆ. ಅದೇ ಹೆಸರನ್ನು ಎರವಲು ತಂದು, ಶಿಕ್ಷಕರ ದುರ್ನಡತೆಯ ದೂರುಗಳನ್ನೂ ಎರಡೂ ಕಡೆಯವರು ಮನಸಾರೆ ಒಪ್ಪಿಕೊಳ್ಳುವ ಸಂಧಾನದಿಂದಲೇ ಬಗೆಹರಿಸಬೇಕು ಎನ್ನುವವರು ಹೆಚ್ಚುತ್ತಿದ್ದಾರೆ. ಆಡಳಿತ ಮಂಡಳಿಗಳಿಗೆ ಇದು ಹಿತ, ಇಲಾಖೆಗೆ ಹಗುರ, ಹೆದರಿದ ಪಾಲಕರಿಗೆ ತಾತ್ಕಾಲಿಕ ನೆಮ್ಮದಿ. ಹಾಗಾಗಿ ಎದುರು ಮಾತಾಡುವವರು ಕಡಿಮೆ. ನಾನು ಈ ಅಭಿಪ್ರಾಯವನ್ನು ಖಂಡಿಸುತ್ತೇನೆ. ನನ್ನ ಆಕ್ಷೇಪ ಒಂದೇ ಮಾತಿನದು: ದುರ್ನಡತೆಯ ದೂರು ಇಬ್ಬರ ನಡುವಿನ ವ್ಯಾಜ್ಯವಲ್ಲ. ಅದರಲ್ಲಿ ಮೂರನೆಯವರೊಬ್ಬರಿದ್ದಾರೆ. ಆ ಶಿಕ್ಷಕರ ಎದುರು ನಾಳೆ ಕೂರಲಿರುವ ಮಗು ಅದು. ಆ ಮಗುವನ್ನು ಸಂಧಾನದ ಕೋಣೆಗೆ ಯಾರೂ ಕರೆಯುವುದಿಲ್ಲ, ಕರೆಯಲು ಸಾಧ್ಯವೂ ಇಲ್ಲ.

ಪುಣೆಯ ವಾಯವ್ಯಕ್ಕೆ, ಹಳೆಯ ಮುಂಬೈ ಹೆದ್ದಾರಿಯ ಮೇಲಿರುವ ದೇಹೂ ರೋಡ್ ಈ ಮಾತನ್ನು ಅರ್ಥ ಮಾಡಿಕೊಳ್ಳಲು ತಕ್ಕ ಊರು. ಸೇನೆಯ ಆರ್ಡನೆನ್ಸ್ ಡಿಪೊ, ಮದ್ದುಗುಂಡಿನ ಫ್ಯಾಕ್ಟರಿ, ಕಂಟೋನ್ಮೆಂಟ್ ಬೋರ್ಡ್, ಕ್ವಾರ್ಟರ್ಸ್ ಸಾಲುಗಳು, ಕೇಂದ್ರೀಯ ವಿದ್ಯಾಲಯಗಳು, ಬೋರ್ಡಿನ ಶಾಲೆ, ಖಾಸಗಿ ಶಾಲೆಗಳು, ಎಲ್ಲವೂ ಒಂದರ ಮಗ್ಗುಲಿಗೊಂದು. ಇಂಥ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ದೂರು ಕೊಡುವ ತಂದೆ, ದೂರಿಗೆ ಗುರಿಯಾದ ಶಿಕ್ಷಕರ ಪತ್ನಿ, ಶಾಲಾ ಸಮಿತಿಯಲ್ಲಿ ಕೂತ ಅಧಿಕಾರಿ ಇವರೆಲ್ಲ ಒಂದೇ ಕಚೇರಿಯ ಮೇಲು ಕೆಳಗಿನ ಮೆಟ್ಟಿಲುಗಳಲ್ಲಿ ಇರಬಹುದು. ಇಲ್ಲಿಂದ ಪಿಂಪ್ರಿ-ಚಿಂಚವಡದವರೆಗಿನ ಪಟ್ಟಿಯಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ, ಕಾರ್ಖಾನೆಯ ಗುತ್ತಿಗೆ ಕೂಲಿಗೆ ಬಂದ ಕನ್ನಡದ ಕುಟುಂಬಗಳೂ ಇವೆ. ಅಂಥ ಮನೆಯ ಮಗುವಿನ ದೂರನ್ನು ಮರಾಠಿಯಲ್ಲಿ ಬರೆದುಕೊಡಲು ಬೇರೊಬ್ಬರು ಬೇಕು. ಠಾಣೆಗೆ ಹೋದ ದಿನದ ಪಗಾರ ಹೋಗುತ್ತದೆ. ಬಾಡಿಗೆ ಖೋಲಿಯ ಮಾಲೀಕರೇ ಶಾಲೆಯವರ ಪರಿಚಯದವರಾಗಿರಬಹುದು. ಇಂಥ ತಂದೆಗೆ "ನಿಮ್ಮ ಇಚ್ಛೆಯಂತೆ ರಾಜಿ ಮಾಡಿಕೊಳ್ಳಿ" ಎಂದು ಹೇಳಿದರೆ ಅದರಲ್ಲಿ ಇಚ್ಛೆ ಎಷ್ಟಿರುತ್ತದೆ, ನಿರ್ವಾಹವಿಲ್ಲದಿರುವಿಕೆ ಎಷ್ಟಿರುತ್ತದೆ?

ಸಂಧಾನ ನ್ಯಾಯವಾಗಿ ನಡೆಯಬೇಕಾದರೆ ಮೂರು ಷರತ್ತು ಪೂರೈಸಿರಬೇಕು. ಇಬ್ಬರೂ ಹೆಚ್ಚುಕಡಿಮೆ ಸಮಬಲರಾಗಿರಬೇಕು. ಒಪ್ಪಿಗೆಯಾಗದಿದ್ದರೆ ಎದ್ದು ಹೋಗುವ ಸ್ವಾತಂತ್ರ್ಯ ಇಬ್ಬರಿಗೂ ಇರಬೇಕು. ಒಪ್ಪಂದದ ಫಲ ಅವರಿಬ್ಬರಿಗೆ ಮಾತ್ರ ತಟ್ಟಬೇಕು. ಶಾಲೆಯಲ್ಲಿ ಈ ಮೂರೂ ಇರುವುದಿಲ್ಲ. ಮಹಾರಾಷ್ಟ್ರದ ಹತ್ತನೆಯ ತರಗತಿಯಲ್ಲಿ ಹೆಚ್ಚಿನ ವಿಷಯಗಳಿಗೆ 20 ಆಂತರಿಕ ಅಂಕಗಳಿವೆ. ಅವು ಶಾಲೆಯ ಕೈಯಲ್ಲಿವೆ. ಮಗುವನ್ನು ಬೇರೆ ಕಡೆ ಸೇರಿಸಬೇಕಾದರೆ ಶಾಲೆ ಬಿಟ್ಟ ಪ್ರಮಾಣಪತ್ರ (ಎಲ್‌ಸಿ) ಕೊಡಬೇಕಾದವರೂ ಅದೇ ಶಾಲೆಯವರು. ವರ್ಷದ ನಡುವೆ ಎದ್ದು ಹೋಗುವುದೆಂದರೆ ಮಗುವಿನ ಒಂದು ವರ್ಷವನ್ನು ಪಣಕ್ಕಿಟ್ಟಂತೆ. ಸಂಧಾನದ ಫಲವಂತೂ ಇಬ್ಬರಲ್ಲಿ ನಿಲ್ಲುವುದೇ ಇಲ್ಲ. ಅದು ಆ ಶಿಕ್ಷಕರು ಮುಂದೆ ಕಲಿಸಲಿರುವ ಪ್ರತಿ ತರಗತಿಗೂ ಹೋಗಿ ಮುಟ್ಟುತ್ತದೆ.

ಇದು ಬರೀ ಊಹೆಯ ಭಯವಲ್ಲ. ದೇಹೂ ರೋಡ್‌ಗೆ ಹೊಂದಿಕೊಂಡೇ ಇರುವ ನಿಗಡಿಯಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. ಖಾಸಗಿ ಶಾಲೆಯೊಂದರ ದೈಹಿಕ ಶಿಕ್ಷಣದ ಶಿಕ್ಷಕರನ್ನು 12 ವರ್ಷದ ವಿದ್ಯಾರ್ಥಿನಿಗೆ ಲೈಂಗಿಕ ಕಿರುಕುಳ ಕೊಟ್ಟ ಆರೋಪದ ಮೇಲೆ ಪೊಲೀಸರು ಬಂಧಿಸಿದರು. ಅಂಥದೇ ಆರೋಪದ ಮೇಲೆ 2018ರಲ್ಲೂ ಅವರ ಬಂಧನವಾಗಿತ್ತು. ಜಾಮೀನಿನ ಮೇಲೆ ಹೊರಬಂದ ಮೇಲೆ ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲಾಗಿತ್ತು ಎಂಬುದು ಪೊಲೀಸರ ತನಿಖೆಯಿಂದ ಹೊರಬಂತು. ಶಾಲೆಯ ಮುಖ್ಯಸ್ಥರು, ಟ್ರಸ್ಟಿಗಳೂ ಬಂಧನಕ್ಕೆ ಒಳಗಾದರು. ಯಾರು ಅಪರಾಧಿ ಎಂದು ಹೇಳುವುದು ನ್ಯಾಯಾಲಯದ ಕೆಲಸ, ಅದನ್ನು ನಾನು ಮಾಡುವುದಿಲ್ಲ. ಅಲ್ಲಿ ರಾಜಿ ಪತ್ರವಿತ್ತೆಂದೂ ನಾನು ಹೇಳುತ್ತಿಲ್ಲ. ನನ್ನ ಪ್ರಶ್ನೆ ಬೇರೆ. ಹಳೆಯ ಆರೋಪ ಇನ್ನೂ ತೀರ್ಮಾನವಾಗದಿರುವಾಗ ಮಕ್ಕಳ ಮೈದಾನಕ್ಕೆ ಅದೇ ವ್ಯಕ್ತಿಯನ್ನು ಮರಳಿ ಕಳಿಸಲು ಒಂದು ಸಂಸ್ಥೆಗೆ ಧೈರ್ಯ ಬರುವುದು ಎಲ್ಲಿಂದ? "ಅದು ಆ ಕುಟುಂಬಕ್ಕೂ ಅವರಿಗೂ ಸಂಬಂಧಪಟ್ಟದ್ದು, ಹಳೆಯ ಮಾತು" ಎಂಬ ಭಾವನೆಯಿಂದ. ರಾಜಿಯ ಬೇರು ಇರುವುದೂ ಈ ಭಾವನೆಯಲ್ಲೇ. ದೂರನ್ನು ಖಾಸಗಿ ಜಗಳವೆಂದು ಒಮ್ಮೆ ಬಗೆದರೆ, ಜಗಳದ ಎದುರು ಪಕ್ಷ ಶಾಲೆ ಬಿಟ್ಟು ಹೋದಾಗ ದೂರೂ ಹೋದಂತೆ ಕಾಣುತ್ತದೆ.

ಇನ್ನೊಂದು ಪ್ರಕರಣ ರಾಜಸ್ಥಾನದ ಗಂಗಾಪುರ ಸಿಟಿಯದು. 2022ರ ಜನವರಿಯಲ್ಲಿ ಸರಕಾರಿ ಶಾಲೆಯ ಹನ್ನೊಂದನೆಯ ತರಗತಿಯ ದಲಿತ ವಿದ್ಯಾರ್ಥಿನಿಯೊಬ್ಬಳಿಗೆ ಲೈಂಗಿಕ ಕಿರುಕುಳ ಕೊಟ್ಟರೆಂದು ಅವಳ ಶಿಕ್ಷಕರ ಮೇಲೆ ದೂರು ದಾಖಲಾಯಿತು. ಕೆಲವೇ ವಾರಗಳಲ್ಲಿ ಹುಡುಗಿಯ ತಂದೆ ಛಾಪಾ ಕಾಗದದ ಮೇಲೆ, ತಪ್ಪು ತಿಳಿವಳಿಕೆಯಿಂದ ದೂರಾಯಿತು, ನಮಗೆ ಮುಂದುವರಿಯುವ ಇಚ್ಛೆ ಇಲ್ಲ ಎಂದು ಬರೆದುಕೊಟ್ಟರು. ಫೆಬ್ರುವರಿ 4ರಂದು ಹೈಕೋರ್ಟು ಆ ರಾಜಿಯನ್ನು ಒಪ್ಪಿ ಎಫ್‌ಐಆರ್ ರದ್ದು ಮಾಡಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ಹುಡುಗಿಯ ಬಂಧುಗಳಲ್ಲ. ಅದೇ ಪ್ರದೇಶದ ನಿವಾಸಿಗಳು. ನಿಮಗೇನು ಸಂಬಂಧ ಎಂದು ಅವರನ್ನು ಕೇಳಬಹುದಿತ್ತು. ನ್ಯಾಯಮೂರ್ತಿಗಳಾದ ಸಿ.ಟಿ. ರವಿಕುಮಾರ್ ಮತ್ತು ಸಂಜಯ್ ಕುಮಾರ್ ಅವರ ಪೀಠ 2024ರ ನವೆಂಬರ್ 7ರಂದು ಹೈಕೋರ್ಟಿನ ಆದೇಶವನ್ನು ತಳ್ಳಿಹಾಕಿತು. ಶಿಕ್ಷಕ ವಿದ್ಯಾರ್ಥಿನಿಯ ಮೇಲೆ ಎಸಗಿದ್ದೆನ್ನುವ ಇಂಥ ಕೃತ್ಯ ಸಮಾಜದ ಮೇಲೆ ಗಂಭೀರ ಪರಿಣಾಮ ಬೀರುವಂಥದು, ಅದನ್ನು ಖಾಸಗಿ ಸ್ವರೂಪದ್ದೆಂದು ಕರೆದು ರಾಜಿಯ ಆಧಾರದ ಮೇಲೆ ಅಳಿಸಿಹಾಕಲಾಗದು ಎಂಬುದು ಆ ತೀರ್ಪಿನ ಸಾರ. ಆ ನಿವಾಸಿಗಳಿಗೆ ಸಂಬಂಧ ಏನೆಂಬುದಕ್ಕೂ ಉತ್ತರ ಅಲ್ಲೇ ಇದೆ: ಊರಿನ ಶಾಲೆಗೆ ಮಕ್ಕಳನ್ನು ಕಳಿಸುವ ಎಲ್ಲರಿಗೂ ಸಂಬಂಧವಿದೆ.

ಆ ಹುಡುಗಿ ದಲಿತಳು ಎಂಬುದನ್ನು ದಾಟಿ ಹೋಗಬಾರದು. ಇಲ್ಲಿ ದೇಹೂ ರೋಡ್ ಮತ್ತೆ ನೆನಪಾಗುತ್ತದೆ: 1954ರ ಡಿಸೆಂಬರ್ 25ರಂದು ಬಾಬಾಸಾಹೇಬ ಅಂಬೇಡ್ಕರ್ ಬುದ್ಧನ ಮೂರ್ತಿ ಪ್ರತಿಷ್ಠಾಪಿಸಿದ ಊರು ದೇಹೂ ರೋಡ್. ಊರಿನ ಹಿರಿಯರ ಪಂಚಾಯಿತಿಯಲ್ಲಿ ದುರ್ಬಲನಿಗೆ ಸಿಗುವ ನ್ಯಾಯ ಎಂಥದೆಂದು ಅಂಬೇಡ್ಕರರಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಬರೆದ ಕಾನೂನು, ಲೆಕ್ಕ ಕೇಳಬಹುದಾದ ಅಧಿಕಾರಿ, ಮೇಲ್ಮನವಿಯ ಹಾದಿ ಇವುಗಳನ್ನೇ ಅವರು ನಂಬಿದ್ದರು. ಮುಚ್ಚಿದ ಕೋಣೆಯ ಸಂಧಾನ ಇವೆಲ್ಲವನ್ನೂ ಹೊರಗಿಟ್ಟು, ಊರಿನ ಹಳೆಯ ಏಣಿಶ್ರೇಣಿಯನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಅಲ್ಲಿ ಯಾರ ಧ್ವನಿಗೆ ಬೆಲೆ, ಯಾರ ಸಹಿ ಸುಲಭ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ.

ಕಾನೂನಿನ ನಿಲುವು ಗೊಂದಲದ್ದಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೆಯ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಎಂದರೆ ಸಂಧಾನಕ್ಕೆ ಕೂತ ಹಿರಿಯರು, ಚಹಾ ತರಿಸಿದ ಮುಖ್ಯೋಪಾಧ್ಯಾಯರು, ಒಳ್ಳೆಯ ಮನಸ್ಸಿನಿಂದ ಮಧ್ಯೆ ಬಂದ ನೆರೆಯವರು ಎಲ್ಲರೂ ಆ ಹೊತ್ತಿನಲ್ಲಿ ತಾವೇ ಅಪರಾಧ ಮಾಡುತ್ತಿರಬಹುದು. ಶಾಲೆಯ ಸಿಬ್ಬಂದಿಯೇ ಎಸಗಿದ ಕೃತ್ಯವನ್ನು ಈ ಕಾಯ್ದೆ ಇನ್ನೂ ಹೆಚ್ಚು ಗಂಭೀರ ಅಪರಾಧವೆಂದು ಪ್ರತ್ಯೇಕವಾಗಿ ಗುರುತಿಸಿದೆ. 2024ರ ಆಗಸ್ಟ್‌ನಲ್ಲಿ ಬದಲಾಪುರದ ಶಾಲೆಯಲ್ಲಿ ಶಿಶುವರ್ಗದ ಇಬ್ಬರು ಹೆಣ್ಣುಮಕ್ಕಳ ಮೇಲೆ ನಡೆದ ದೌರ್ಜನ್ಯದ ಆರೋಪಿ ಶಿಕ್ಷಕನಾಗಿರಲಿಲ್ಲ, ಸ್ವಚ್ಛತಾ ಸಿಬ್ಬಂದಿಯವನು. ಆದರೆ ಆಗಸ್ಟ್ 20ರಂದು ಸಾವಿರಾರು ಜನ ರೈಲು ಹಳಿಗಿಳಿದದ್ದು ಅಪರಾಧದ ಘೋರತೆಗೆ ಮಾತ್ರವಲ್ಲ. ಶಾಲೆಯ ಮೌನ ಮತ್ತು ಠಾಣೆಯ ವಿಳಂಬವೂ ಅವರನ್ನು ಕೆರಳಿಸಿದ್ದವು. ಮುಂಬೈ ಹೈಕೋರ್ಟು ತಾನಾಗಿಯೇ ವಿಚಾರಣೆಗೆ ತೆಗೆದುಕೊಂಡಾಗಲೂ ಶಾಲೆ ಏಕೆ ತಿಳಿಸಲಿಲ್ಲ ಎಂದು ಕೇಳಿತ್ತು.

ಹೊಡೆತದ ವಿಷಯಕ್ಕೆ ಬನ್ನಿ. ಸಂಧಾನವಾದಿಗಳು ಹೆಚ್ಚಾಗಿ ನಿಲ್ಲುವುದು ಈ ನೆಲದಲ್ಲೇ: ಲೈಂಗಿಕ ದೂರು ಬೇರೆ, ಒಂದು ಏಟು ಬೇರೆ, ಏಟಿಗೆ ರಾಜಿ ಏಕಾಗಬಾರದು? ಸಣ್ಣ ಹಲ್ಲೆಯ ಕ್ರಿಮಿನಲ್ ಪ್ರಕರಣವನ್ನು ಪಕ್ಷಗಾರರು ರಾಜಿ ಮಾಡಿಕೊಳ್ಳಬಹುದು, ನಿಜ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿ, ಮೀರಿದವರ ಮೇಲೆ ಸೇವಾ ನಿಯಮದಂತೆ ಶಿಸ್ತುಕ್ರಮ ಆಗಬೇಕು ಎನ್ನುತ್ತದೆ. ಆ ಶಿಸ್ತುಕ್ರಮದ ಹೊಣೆ ಇರುವುದು ಸಂಸ್ಥೆಯ ಮೇಲೆ. ತಂದೆ ಕ್ಷಮಿಸಿದ ಮಾತ್ರಕ್ಕೆ ಸಂಸ್ಥೆಯ ಹೊಣೆ ತೀರುವುದಿಲ್ಲ. ಕ್ಷಮೆ ತಂದೆಯ ದೊಡ್ಡತನ. ಅದನ್ನು ಶಾಲೆ ತನ್ನ ಕರ್ತವ್ಯದಿಂದ ಬಿಡುಗಡೆಯ ಪತ್ರವೆಂದು ಬಳಸುವಂತಿಲ್ಲ.

2023ರ ಮಧ್ಯಸ್ಥಿಕೆ ಕಾಯ್ದೆಯನ್ನು ತೋರಿಸಿ "ಸರಕಾರವೇ ಸಂಧಾನ ಬೇಕೆನ್ನುತ್ತಿದೆಯಲ್ಲ" ಎನ್ನುವವರಿದ್ದಾರೆ. ಅವರು ಆ ಕಾಯ್ದೆಯ ಮೊದಲನೆಯ ಅನುಸೂಚಿಯನ್ನು ತೆರೆದು ನೋಡಬೇಕು. ಮಧ್ಯಸ್ಥಿಕೆಗೆ ತಕ್ಕದ್ದಲ್ಲದ ವಿಷಯಗಳ ಪಟ್ಟಿ ಅದು. ಕ್ರಿಮಿನಲ್ ಅಪರಾಧದ ಮೊಕದ್ದಮೆ ಅದರಲ್ಲಿದೆ. ವಕೀಲರು, ವೈದ್ಯರು, ಚಾರ್ಟರ್ಡ್ ಅಕೌಂಟೆಂಟರಂಥ ನೋಂದಾಯಿತ ವೃತ್ತಿಯವರ ದುರ್ನಡತೆ, ಶಿಸ್ತಿನ ಬಗ್ಗೆ ಶಾಸನಬದ್ಧ ಸಂಸ್ಥೆಗಳ ಮುಂದಿರುವ ದೂರುಗಳು ಅದರಲ್ಲಿವೆ. ಸಂಧಾನದಲ್ಲಿ ಪಾಲ್ಗೊಳ್ಳದ ಮೂರನೆಯವರ ಹಕ್ಕಿಗೆ ತಟ್ಟುವ ವ್ಯಾಜ್ಯಗಳೂ ಅದರಲ್ಲಿವೆ. ಸಂಧಾನವನ್ನು ಪ್ರೋತ್ಸಾಹಿಸಲೆಂದೇ ಬಂದ ಕಾಯ್ದೆ ಅದರ ಮಿತಿಯನ್ನೂ ಬರೆದಿಟ್ಟಿದೆ. ವೈದ್ಯರ ದುರ್ನಡತೆ ಇಬ್ಬರು ಕೂತು ಮುಗಿಸಿಕೊಳ್ಳುವ ವಿಷಯವಲ್ಲ ಎನ್ನುವ ಸಮಾಜ, ಆರು ವರ್ಷದ ಮಗುವನ್ನು ದಿನಕ್ಕೆ ಐದಾರು ಗಂಟೆ ಒಪ್ಪಿಸಿಕೊಳ್ಳುವ ಶಿಕ್ಷಕರ ವಿಷಯದಲ್ಲಿ ಮಾತ್ರ ಬೇರೆ ಅಳತೆ ಹಿಡಿಯುವುದು ಹೇಗೆ ನ್ಯಾಯ?

ಎದುರು ವಾದಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅವುಗಳಲ್ಲಿ ತೂಕದ್ದು ಮಗುವಿನ ಹಿತದ ವಾದ. ಠಾಣೆ, ಆಸ್ಪತ್ರೆ, ಕೋರ್ಟು, ಪಾಟೀಸವಾಲು ಇವೆಲ್ಲ ಮಗುವನ್ನು ಮತ್ತೆ ಮತ್ತೆ ನೋಯಿಸುತ್ತವೆ, ಹೆಣ್ಣುಮಗುವಾದರೆ ಹೆಸರು ಕೆಡುತ್ತದೆ, ಅದಕ್ಕಿಂತ ಬೇಗ ಮುಗಿಸುವುದು ಮೇಲು ಎನ್ನುತ್ತಾರೆ. ನೋವಿನ ಮಾತು ಸತ್ಯ. ಆದರೆ ಅದಕ್ಕೆ ಉತ್ತರ ವಿಚಾರಣೆಯನ್ನು ಮಗುವಿಗೆ ಹಿತವಾಗುವಂತೆ ಮಾಡುವುದು, ವಿಚಾರಣೆಯನ್ನೇ ಇಲ್ಲವಾಗಿಸುವುದಲ್ಲ. ಪೋಕ್ಸೊ ಕಾಯ್ದೆ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಲು, ಗುರುತು ಬಯಲಾಗದಂತೆ ಕಾಯಲು, ನ್ಯಾಯಾಲಯ ವಿಚಾರಣೆಗೆ ತೆಗೆದುಕೊಂಡ 30 ದಿನಗಳೊಳಗೆ ಮಗುವಿನ ಸಾಕ್ಷ್ಯ ದಾಖಲಿಸಲು ಹೇಳುತ್ತದೆ. ಇವು ಎಷ್ಟೋ ಕಡೆ ಪಾಲನೆಯಾಗುವುದಿಲ್ಲ. ಪಾಲಿಸಿರೆಂದು ಹಠ ಹಿಡಿಯಬೇಕು. ರಾಜಿಯಾದ ಮಗುವಿನ ಸ್ಥಿತಿಯನ್ನೂ ನೋಡಿ. ತಾನು ಹೇಳಿದ್ದು ನಿಜವೆಂದು ಅದಕ್ಕೆ ಗೊತ್ತು. ಅದು ತಪ್ಪು ತಿಳಿವಳಿಕೆ ಎಂದು ಅಪ್ಪನೇ ಸಹಿ ಹಾಕಿದ್ದಾರೆ. ಮರುದಿನ ಅದೇ ಶಿಕ್ಷಕರಿಗೆ "ನಮಸ್ಕಾರ ಸರ್" ಎನ್ನಬೇಕು. ಕೋರ್ಟಿನ ಪಾಟೀಸವಾಲು ಎಂದಾದರೂ ಮುಗಿಯುತ್ತದೆ. ತನ್ನ ಮಾತನ್ನು ತನ್ನವರೇ ಸುಳ್ಳು ಮಾಡಿದರು ಎಂಬ ಪಾಠ ಮುಗಿಯುವುದು ಕಷ್ಟ. ಮುಂದೊಂದು ದಿನ ಇನ್ನೂ ಕೆಟ್ಟದ್ದು ನಡೆದರೆ ಆ ಮಗು ಬಾಯಿ ಬಿಡುತ್ತದೆಯೇ?

ಎರಡನೆಯದು ಶಿಕ್ಷಕರ ಹಿತದ ವಾದ. ಸುಳ್ಳು ದೂರುಗಳಿಲ್ಲವೇ, ಹಳೆಯ ದ್ವೇಷಕ್ಕೆ, ಅಂಕದ ಸಿಟ್ಟಿಗೆ, ಸಮಿತಿಯ ರಾಜಕೀಯಕ್ಕೆ ಶಿಕ್ಷಕರನ್ನು ಬಲಿ ಕೊಡುವುದಿಲ್ಲವೇ ಎಂದು ಕೇಳುತ್ತಾರೆ. ಕೊಡುತ್ತಾರೆ. ಅದಕ್ಕಾಗಿಯೇ ರಾಜಿ ಬೇಡ ಎನ್ನುತ್ತೇನೆ. ನಿರಪರಾಧಿ ಶಿಕ್ಷಕರಿಗೆ ಬೇಕಾದದ್ದು ಒಂದು ತೀರ್ಮಾನ: ಆರೋಪ ಸಾಬೀತಾಗಿಲ್ಲ, ಕಾರಣ ಇಂತಿಂಥದು ಎಂಬ ಬರಹ. ರಾಜಿ ಅದನ್ನು ಕೊಡುವುದೇ ಇಲ್ಲ. ರಾಜಿಯಾದವರ ಬೆನ್ನ ಹಿಂದೆ ಊರು "ಏನೋ ಇದ್ದಿರಬೇಕು, ಇಲ್ಲದಿದ್ದರೆ ರಾಜಿ ಏಕೆ" ಎಂದು ಜೀವಮಾನವಿಡೀ ಹೇಳುತ್ತದೆ. ಸುಳ್ಳು ದೂರು ಕೊಟ್ಟ ವಯಸ್ಕರೂ ರಾಜಿಯಿಂದ ಪಾರಾಗುತ್ತಾರೆ; ಪೋಕ್ಸೊದ 22ನೆಯ ಸೆಕ್ಷನ್ ದುರುದ್ದೇಶದ ಸುಳ್ಳು ದೂರಿಗೆ ಶಿಕ್ಷೆ ಇಟ್ಟಿದೆ ಎಂಬುದು ಆಗ ಯಾರಿಗೂ ನೆನಪಾಗುವುದಿಲ್ಲ. ಹೆದರಿದ ಆಡಳಿತ ಮಂಡಳಿ ರಾಜಿಯ ಷರತ್ತಾಗಿ ನಿರಪರಾಧಿಯ ಕೈಯಿಂದಲೇ ರಾಜೀನಾಮೆ ಬರೆಸಿಕೊಂಡರೆ ಮೇಲ್ಮನವಿ ಹೋಗಲು ಅವರ ಕೈಯಲ್ಲಿ ಉಳಿಯುವುದೇನು?

ವಿಚಾರಣೆಯಲ್ಲಿ ಶಿಕ್ಷಕರಿಗೆ ರಕ್ಷಣೆ ಇದೆ. ಮಹಾರಾಷ್ಟ್ರದ ಖಾಸಗಿ ಶಾಲಾ ನೌಕರರ ಸೇವಾ ಷರತ್ತುಗಳ ಕಾಯ್ದೆ 1977ರದು, ನಿಯಮಗಳು 1981ರವು. ಅವುಗಳಂತೆ ಶಿಕ್ಷಕರ ಮೇಲಿನ ಆರೋಪವನ್ನು ವಿಚಾರಿಸಲು ಮೂವರ ಸಮಿತಿ ಕೂರಬೇಕು. ಒಬ್ಬರು ಆಡಳಿತ ಮಂಡಳಿಯವರು, ಒಬ್ಬರು ಆರೋಪಕ್ಕೊಳಗಾದ ಶಿಕ್ಷಕರೇ ನೌಕರರ ಪೈಕಿ ಆರಿಸಿದವರು, ಮತ್ತೊಬ್ಬರು ರಾಜ್ಯ ಅಥವಾ ರಾಷ್ಟ್ರ ಪ್ರಶಸ್ತಿ ಪಡೆದ ಶಿಕ್ಷಕರ ಪಟ್ಟಿಯಿಂದ ಬಂದವರು. ಆರೋಪಪಟ್ಟಿ ಬರಹದಲ್ಲಿರಬೇಕು, ಉತ್ತರಕ್ಕೆ ಅವಕಾಶ ಕೊಡಬೇಕು, ನಿರ್ಣಯದ ವಿರುದ್ಧ ಶಾಲಾ ನ್ಯಾಯಮಂಡಳಿಗೆ ಹೋಗಬಹುದು. ಕರ್ನಾಟಕದಲ್ಲೂ 1983ರ ಶಿಕ್ಷಣ ಕಾಯ್ದೆ ಖಾಸಗಿ ಶಾಲೆಯ ನೌಕರರಿಗೆ ಮೇಲ್ಮನವಿಯ ನ್ಯಾಯಮಂಡಳಿ ಕೊಟ್ಟಿದೆ. ಕೇಂದ್ರೀಯ ವಿದ್ಯಾಲಯಗಳ ಶಿಕ್ಷಣ ಸಂಹಿತೆಯ 81(ಬಿ) ವಿಧಿಯನ್ನು ಶಿಕ್ಷಕರು ಬಹಳ ಕಠಿಣವೆಂದು ಟೀಕಿಸುತ್ತಾರೆ. ವಿದ್ಯಾರ್ಥಿಯ ಮೇಲಿನ ಲೈಂಗಿಕ ದುರ್ನಡತೆಯಲ್ಲಿ ಪೂರ್ಣ ವಿಚಾರಣೆ ನಡೆಸುವುದು ಸಾಧ್ಯವಿಲ್ಲವೆಂದು ಕಂಡರೆ ಸಂಕ್ಷಿಪ್ತ ವಿಚಾರಣೆಯ ಮೇಲೆ ಸೇವೆ ಕೊನೆಗಾಣಿಸಲು ಅದು ವಿದ್ಯಾಲಯ ಸಂಘಟನೆಯ ಕಮಿಷನರಿಗೆ ಅಧಿಕಾರ ಕೊಡುತ್ತದೆ. ಆ ಕಠಿಣ ವಿಧಿಯಲ್ಲೂ ಕಮಿಷನರರು ಕಾರಣವನ್ನು ಬರೆದಿಡಲೇಬೇಕು. ಆ ಬರಹವನ್ನು ಪ್ರಶ್ನಿಸಲು ನ್ಯಾಯಾಲಯದ ಬಾಗಿಲು ತೆರೆದಿದೆ. ರಾಜಿಯಲ್ಲಿ ಪ್ರಶ್ನಿಸಲು ಏನೂ ಉಳಿದಿರುವುದಿಲ್ಲ.

ಮೂರನೆಯ ವಾದ ಮೃದುವಾದದ್ದು, ಅದಕ್ಕೇ ಹೆಚ್ಚು ಅಪಾಯಕಾರಿ: ಶಾಲೆ ಒಂದು ಕುಟುಂಬ, ಗುರು ತಂದೆಯ ಸಮಾನ, ಮನೆಯ ಮಾತು ಬೀದಿಗೆ ಹೋಗಬಾರದು. ಗುರುವಿನ ಮೇಲಿನ ಗೌರವವನ್ನು ನಾನು ಪ್ರಶ್ನಿಸುವುದಿಲ್ಲ. ಒಳ್ಳೆಯ ಶಿಕ್ಷಕರ ಋಣವಿಲ್ಲದ ಬದುಕು ನಮ್ಮಲ್ಲಿ ಯಾರದೂ ಇಲ್ಲ. ಆ ಗೌರವವನ್ನು ಕಾಯಬೇಕಾದರೆ ಅದಕ್ಕೆ ಅನರ್ಹರಾದವರು ಅದರ ನೆರಳಲ್ಲಿ ಅಡಗದಂತೆ ನೋಡಿಕೊಳ್ಳಬೇಕು. ತಪ್ಪು ಮಾಡಿದ ಒಬ್ಬರಿಗಾಗಿ ಮೌನವಾಗಿರುವ ಸಿಬ್ಬಂದಿ ಕೋಣೆ ತನ್ನೊಳಗಿನ ಐವತ್ತು ಒಳ್ಳೆಯವರ ಮಾನವನ್ನು ಒತ್ತೆ ಇಡುತ್ತದೆ. ಶಿಕ್ಷಕರ ಸಂಘಗಳು ಇದನ್ನು ಮೊದಲು ಅರಿಯಬೇಕು. ಸದಸ್ಯರಿಗೆ ನ್ಯಾಯವಾದ ವಿಚಾರಣೆ ಕೊಡಿಸುವುದು ಸಂಘದ ಕೆಲಸ. ವಿಚಾರಣೆಯೇ ನಡೆಯದಂತೆ ನೋಡಿಕೊಳ್ಳುವುದಲ್ಲ.

ಸಂಧಾನದ ಹೆಸರಿನಲ್ಲಿ ನಡೆಯುವ ಇನ್ನೊಂದು ಕೆಲಸ ಎತ್ತಂಗಡಿ. "ಅವರನ್ನು ಬೇರೆ ಕಡೆ ಹಾಕುತ್ತೇವೆ, ನೀವು ದೂರು ಹಿಂತೆಗೆದುಕೊಳ್ಳಿ" ಎಂಬ ಒಪ್ಪಂದವನ್ನು ದೂರು ಕೊಟ್ಟವರು ಗೆಲುವೆಂದೇ ಎಣಿಸುತ್ತಾರೆ. ಯಾರ ಗೆಲುವು? ಪೇಟೆಯ ಶಾಲೆಯ ಕಷ್ಟ ಹಳ್ಳಿಯ ಶಾಲೆಗೆ ಹೋಯಿತು, ಅಷ್ಟೇ. ದೂರು ಕೊಡಬಲ್ಲ ಪಾಲಕರಿದ್ದ ಕಡೆಯಿಂದ ದೂರು ಕೊಡಲಾರದ ಪಾಲಕರಿರುವ ಕಡೆಗೆ ಹೋಯಿತು. ಖಾಸಗಿ ಶಾಲೆಗಳಲ್ಲಂತೂ ಒಳ್ಳೆಯ ನಡತೆಯ ಪ್ರಮಾಣಪತ್ರ ಕೊಟ್ಟೇ ಕಳಿಸಿಕೊಡುತ್ತಾರೆ. ನಮ್ಮ ದೇಶದಲ್ಲಿ ವಕೀಲರಿಗೆ, ವೈದ್ಯರಿಗೆ ಇರುವಂತೆ ಶಿಕ್ಷಕರ ರಾಷ್ಟ್ರೀಯ ನೋಂದಣಿ ಇಲ್ಲ. ಶಿಕ್ಷಕ ಅರ್ಹತಾ ಪರೀಕ್ಷೆಯ ಪ್ರಮಾಣಪತ್ರಕ್ಕೆ 2021ರಿಂದ ಆಜೀವ ಮಾನ್ಯತೆ ಇದೆ. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ 2018ರಲ್ಲಿ ಶುರುವಾಯಿತಾದರೂ ಅದರಲ್ಲಿರುವುದು ಶಿಕ್ಷೆಯಾದವರ ಹೆಸರು, ನೋಡಬಹುದಾದವರು ಪೊಲೀಸರಂಥ ತನಿಖಾ ಸಂಸ್ಥೆಗಳು ಮಾತ್ರ. ಹೀಗಿರುವಾಗ ಪುಣೆಯಲ್ಲಿ ರಾಜಿಯಾಗಿ ಹೊರಬಂದವರು ಸೊಲ್ಲಾಪುರದಲ್ಲೋ ವಿಜಯಪುರದಲ್ಲೋ ಮುಂದಿನ ಜೂನ್‌ಗೆ ಕೆಲಸಕ್ಕೆ ಸೇರಿದರೆ ಅಲ್ಲಿನ ಶಾಲೆಗೆ ಏನೂ ತಿಳಿಯದು. ಸೇವಾ ದಾಖಲೆಯಲ್ಲಿನ ಬರಹವೊಂದೇ ಅಲ್ಲಿನ ಮಕ್ಕಳನ್ನು ಎಚ್ಚರಿಸಬಹುದಾಗಿದ್ದದ್ದು. ರಾಜಿ ಅದನ್ನೇ ಅಳಿಸಿಬಿಡುತ್ತದೆ.

ಈ ಹಾದಿಯಲ್ಲಿ ನಮಗಿಂತ ಮೊದಲು ನಡೆದವರು ಕಲಿತದ್ದೂ ಇದೇ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಶಿಕ್ಷಕರ ನೋಂದಣಿ ಮತ್ತು ಶಿಸ್ತಿನ ಹೊಣೆ ಹೊತ್ತ ವೃತ್ತಿ ಮಂಡಳಿಯಿದೆ. ದೂರುಗಳನ್ನು ಒಪ್ಪಿಗೆಯಿಂದ ಬಗೆಹರಿಸುವ ವ್ಯವಸ್ಥೆಯೂ ಅದಕ್ಕಿದೆ. ದುರ್ನಡತೆ ಎಸಗಿದವರ ಹೆಸರು ಗುಟ್ಟಾಗಿ ಉಳಿಯುತ್ತಿದೆ ಎಂದು ಪತ್ರಿಕೆಗಳು 2011ರಲ್ಲಿ ಬರೆದ ಮೇಲೆ ನಿವೃತ್ತ ಮುಖ್ಯ ನ್ಯಾಯಮೂರ್ತಿ ಪ್ಯಾಟ್ರಿಕ್ ಲಸಾಜ್ ಅವರಿಂದ ಪರಿಶೀಲನೆ ನಡೆಯಿತು. 2012ರ ಅವರ ವರದಿಯ ಬೆನ್ನಿಗೆ, 2016ರಲ್ಲಿ, ವಿದ್ಯಾರ್ಥಿಗಳ ರಕ್ಷಣೆಯ ಕಾಯ್ದೆ ಬಂತು. ಅಲ್ಲಿ ಪರವಾನಗಿ, ನೋಂದಣಿ, ಪರಿಣಿತ ಸಂಧಾನಕಾರರು ಎಲ್ಲ ಇದ್ದೂ ಬಿಗಿ ಮಾಡಬೇಕಾಯಿತು. ಅಮೆರಿಕದಲ್ಲಿ ಒಂದು ಶಾಲೆ ಗುಟ್ಟಾಗಿ ಕಳಿಸಿಕೊಟ್ಟವರನ್ನು ಇನ್ನೊಂದು ಶಾಲೆ ತಿಳಿಯದೆ ಸೇರಿಸಿಕೊಳ್ಳುವ ಚಾಳಿಯನ್ನು ತಡೆಯಲೆಂದೇ 2015ರ ಶಿಕ್ಷಣ ಕಾಯ್ದೆಯಲ್ಲಿ ಒಂದು ಸೆಕ್ಷನ್ ಸೇರಿಸಿದರು: ಮಗುವಿನ ಮೇಲೆ ಲೈಂಗಿಕ ದುರ್ನಡತೆ ಎಸಗಿದ್ದಾರೆಂದು ಗೊತ್ತಿದ್ದೂ ಅವರಿಗೆ ಹೊಸ ಕೆಲಸ ಸಿಗಲು ನೆರವಾಗಬಾರದು. ಇಂಥ ಯಾವ ತಡೆಯೂ ಇಲ್ಲದ ನಮ್ಮಲ್ಲಿ ಗು‌ಟ್ಟಿನ ರಾಜಿಯನ್ನು ಸುಧಾರಣೆಯೆಂದು ಹೊಗಳುವುದು ಕಣ್ಣು ತೆರೆದುಕೊಂಡೇ ಗುಂಡಿಗೆ ಬಿದ್ದಂತೆ.

ಹಾಗಾದರೆ ಶಾಲೆಯಲ್ಲಿ ಮಾತುಕತೆಗೆ ಜಾಗವೇ ಇಲ್ಲವೇ? ಬೇಕಾದಷ್ಟಿದೆ. ಮನೆಗೆಲಸ ಹೆಚ್ಚಾಯಿತು, ಉತ್ತರಪತ್ರಿಕೆ ಸರಿಯಾಗಿ ತಿದ್ದಿಲ್ಲ, ಹಿಂದಿನ ಬೆಂಚಿಗೆ ಹಾಕಿದ್ದಾರೆ, ಮಾತು ಬಿರುಸಾಗಿತ್ತು, ಪಾಲಕರ ಸಭೆಯಲ್ಲಿ ಅವಮಾನವಾಯಿತು ಇಂಥ ದೂರುಗಳಿಗೆ ವಿಚಾರಣಾ ಸಮಿತಿ ಕೂರಿಸುವುದು ಮೂರ್ಖತನ. ಇಲ್ಲಿ ಶಿಕ್ಷಕರೂ ಪಾಲಕರೂ ಎದುರುಬದುರು ಕೂತು ಮಾತಾಡಿದರೆ ಇಬ್ಬರಿಗೂ ಲಾಭ. ಗೆರೆ ಎಳೆಯುವುದು ಎಲ್ಲಿ? ಮಗುವಿನ ಮೈಗೆ ಕೈ ತಾಗಿದ್ದರೆ, ಜಾತಿ ಧರ್ಮ ಎತ್ತಿ ಹೀಯಾಳಿಸಿದ್ದರೆ, ಹಣ ಕಸಿದಿದ್ದರೆ, ಹೆದರಿಸಿದ್ದರೆ, ಅದೇ ಶಿಕ್ಷಕರ ಮೇಲೆ ಮೊದಲೂ ಅಂಥ ದೂರು ಬಂದಿದ್ದರೆ ಆ ವಿಷಯ ಗೆರೆಯ ಆಚೆಯದು. ಅಲ್ಲಿ ಮೊದಲು ಸತ್ಯ ಏನೆಂದು ತಿಳಿಯಬೇಕು. ತಪ್ಪು ಒಪ್ಪಿಕೊಂಡು, ದಾಖಲೆಯಾಗಿ, ಶಿಸ್ತುಕ್ರಮ ಆದಮೇಲೆ, ಮುರಿದ ನಂಬಿಕೆಯನ್ನು ಮತ್ತೆ ಕಟ್ಟುವ ಮಾತು ಬೇಕಾದರೆ ಬರಲಿ. ತಪ್ಪೊಪ್ಪಿಗೆಯಿಲ್ಲದ ಕ್ಷಮೆ, ತೀರ್ಮಾನವಿಲ್ಲದ ಶಾಂತಿ ತಿಪ್ಪೆ ಸಾರಿಸುವ ಕೆಲಸ.

ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ರಾಜಿಗೆ ಅವಕಾಶವಿದೆಯಲ್ಲ ಎಂದು ಕೊನೆಯದಾಗಿ ಕೇಳುತ್ತಾರೆ. ಇದೆ. ಆದರೆ ಅದು ಕೆಲಸದ ಜಾಗದಲ್ಲಿ ಕಿರುಕುಳಕ್ಕೊಳಗಾದ ಮಹಿಳೆಗೆ, ಅವಳೇ ಕೇಳಿದರೆ ಮಾತ್ರ, ವಿಚಾರಣೆ ಶುರುವಾಗುವ ಮೊದಲು. ಹಣವನ್ನು ರಾಜಿಯ ಆಧಾರ ಮಾಡುವಂತಿಲ್ಲ, ಒಪ್ಪಂದವನ್ನು ಸಮಿತಿ ದಾಖಲಿಸಬೇಕು. ಕೆಲಸದ ಜಾಗದ ವಿಷಯದಲ್ಲೇ ಇಷ್ಟು ಬೇಲಿ ಹಾಕಿದ ಕಾನೂನನ್ನು ತೋರಿಸಿ ಮಕ್ಕಳ ವಿಷಯದಲ್ಲಿ ಬೇಲಿಯೇ ಬೇಡ ಎನ್ನುವುದು ಸಲ್ಲದು.

ದೇಹೂ ರೋಡ್‌ನ ಶಾಲೆಗಳಿರಲಿ, ಗಡಿಯಾಚೆಯ ನಮ್ಮ ಕನ್ನಡ ಶಾಲೆಗಳಿರಲಿ, ಮಾಡಬೇಕಾದ ಕೆಲಸ ಕಷ್ಟದ್ದೇನಲ್ಲ. ದೂರು ಬರಹದಲ್ಲಿರಲಿ, ಯಾವ ಭಾಷೆಯಲ್ಲಿ ಕೊಟ್ಟರೂ ಶಾಲೆ ತೆಗೆದುಕೊಂಡು ತಾರೀಕು ಹಾಕಿ ಸ್ವೀಕೃತಿ ಕೊಡಲಿ. ಶಾಲೆಯಲ್ಲಿ ಮಕ್ಕಳ ಸುರಕ್ಷತೆಗೆಂದು ಮಹಾರಾಷ್ಟ್ರ ಸರಕಾರ 2022ರಲ್ಲೇ ಹೇಳಿರುವ ಸಖಿ ಸಾವಿತ್ರಿ ಸಮಿತಿಯ ಸದಸ್ಯರ ಹೆಸರು, ಮಕ್ಕಳ ಸಹಾಯವಾಣಿ 1098 ಎರಡೂ ಪ್ರತಿ ತರಗತಿಯ ಗೋಡೆಯ ಮೇಲಿರಲಿ. ಲೈಂಗಿಕ ಅಪರಾಧದ ಸುಳಿವಿದ್ದರೆ ಮಧ್ಯಸ್ಥರಿಗಿಂತ ಮೊದಲು ಪೊಲೀಸರಿಗೆ ತಿಳಿಯಲಿ. ವಿಚಾರಣೆ ಮುಗಿಯುವವರೆಗೆ ಶಿಕ್ಷಕರನ್ನು ಅವಮಾನಿಸದೆ, ಮಕ್ಕಳಿಂದ ದೂರವಿಡಲಿ. ನಿರ್ಣಯ ಯಾವುದೇ ಆಗಲಿ, ಕಾರಣ ಸಮೇತ ಸೇವಾ ಪುಸ್ತಕದಲ್ಲಿ ಬರೆಯಲಿ. ಬೇರೆ ಶಾಲೆಯಿಂದ ಬಂದವರನ್ನು ಸೇರಿಸಿಕೊಳ್ಳುವಾಗ ಹಿಂದಿನ ಶಾಲೆಗೆ ಪತ್ರ ಬರೆದು ಕೇಳಲಿ, ಕೇಳಿದವರಿಗೆ ಶಾಲೆಗಳು ನಿಜ ಹೇಳಲಿ. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವದ ವೇದಿಕೆಯ ಜೊತೆಗೆ ಒಂದು ಕೆಲಸ ಕೈಗೆತ್ತಿಕೊಳ್ಳಲಿ: ಕೂಲಿಗೆ ಬಂದ ಕುಟುಂಬದ ತಂದೆ ತಾಯಿ ದೂರು ಕೊಡಲು ಹೊರಟಾಗ ಜೊತೆಗೆ ಹೋಗಿ, ಮರಾಠಿಯಲ್ಲಿ ಬರೆದುಕೊಟ್ಟು, ಆ ದಿನದ ಪಗಾರದ ಹೊರೆಯನ್ನು ಹಂಚಿಕೊಳ್ಳಲಿ.

ಇಷ್ಟರಲ್ಲಿ ಒಂದೂ ಶಿಕ್ಷಕರ ವಿರುದ್ಧದ ಕೆಲಸವಲ್ಲ. ಪ್ರಾಮಾಣಿಕ ಶಿಕ್ಷಕರಿಗೆ ಪ್ರಾಮಾಣಿಕ ವಿಚಾರಣೆಗಿಂತ ದೊಡ್ಡ ರಕ್ಷಣೆ ಬೇರೆ ಇಲ್ಲ. ರಾಜಿ ಪತ್ರವನ್ನು ಮುಂದಿಡುವ ಪ್ರತಿ ಮಧ್ಯಸ್ಥರೂ, ಸಹಿ ಹಾಕಲು ಪೆನ್ನು ಎತ್ತುವ ಪ್ರತಿ ತಂದೆಯೂ ಒಂದು ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಬೇಕು. ನನ್ನ ಮಗುವಿನ ನೋವನ್ನು ನಾನು ಕ್ಷಮಿಸಬಹುದು; ಮುಂದಿನ ವರ್ಷ ಅದೇ ಬೆಂಚಿನಲ್ಲಿ ಕೂರುವ ಬೇರೊಬ್ಬರ ಮಗುವಿನ ಪರವಾಗಿ ಸಹಿ ಹಾಕಲು ನನಗೆ ಅಧಿಕಾರ ಕೊಟ್ಟವರು ಯಾರು? ಯಾರೂ ಕೊಟ್ಟಿಲ್ಲ. ಇಲ್ಲದ ಅಧಿಕಾರದಿಂದ ಹಾಕಿದ ಸಹಿಗೆ ಶಾಲೆ ಬೆಲೆ ಕೊಡಬಾರದು, ಇಲಾಖೆ ಕೊಡಬಾರದು, ಸಮಾಜವೂ ಕೊಡಬಾರದು.